ಅಪೆಂಡಿಕ್ಸ್ ಅಂತ ಹೇಳು

ಫೆಬ್ರವರಿ 10, ಸೋಮವಾರ

ಇವತ್ತು ಆಸ್ಪತ್ರೆಯಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಚೀಟಿ ಬರೆಯುವವನು, ನರ್ಸ್, ಸ್ಕ್ಯಾನ್ ಮಾಡುವವಳು.

"ಮದ್ವೆ ಆಗಿದ್ಯಾ?"

ಇಲ್ಲ ಎಂದ ಕೂಡಲೇ ಮೂವರೂ ನನ್ನ ಹೊಟ್ಟೆ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಶಶಿಕಲಾ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ನೆಲ ನೋಡಿದರು.

ನನ್ನ ಹೊಟ್ಟೆ ಊದಿಕೊಂಡು ಮೂರು ತಿಂಗಳಾಯಿತು. ಮೊದಲು ನೋಡಿದವರು ಕೆಳಗಿನ ಮನೆಯ ಓನರ್ ಆಂಟಿ. ಅವರು ಅತ್ತಿಗೆಯ ಕಿವಿಯಲ್ಲಿ ಏನೋ ಹೇಳಿದರು. ಹೋದ ವಾರ ಅತ್ತಿಗೆ ಮೆಡಿಕಲ್ ಶಾಪಿನಿಂದ ಬಸುರಿನ ಪರೀಕ್ಷೆಯ ಕಡ್ಡಿ ತಂದು ನನ್ನನ್ನು ಬಚ್ಚಲಿಗೆ ಕಳಿಸಿ ಬಾಗಿಲ ಹೊರಗೆ ನಿಂತರು. ಒಂದೇ ಗೆರೆ ಬಂತು. "ಬೆಳಿಗ್ಗೆ ಎದ್ದ ತಕ್ಷಣದ್ದು ಸರಿಯಾಗಿ ತೋರ್ಸತ್ತಂತೆ, ಇನ್ನೊಂದ್ಸಲ ನೋಡೋಣ" ಅಂದರು. ಮಾರನೆಯ ಬೆಳಿಗ್ಗೆಯೂ ಒಂದೇ ಗೆರೆ. ಅವರಿಗೆ ಸಮಾಧಾನವಾಯಿತು. ಅನುಮಾನಪಟ್ಟವರು ತಪ್ಪಾಯಿತು ಅನ್ನುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಡಾಕ್ಟರಮ್ಮ ಮಾತ್ರ ಹೊಟ್ಟೆ ನೋಡುವ ಮುಂಚೆ ನನ್ನ ಹೆಸರು ಕೇಳಿದರು. ಚೀಟಿಯ ಹಿಂದೆ ಗರ್ಭಕೋಶದ ಚಿತ್ರ ಬರೆದು, ಎರಡು ಪಕ್ಕದಲ್ಲಿ ಎರಡು ಬಾದಾಮಿಯಂಥದ್ದು ಬರೆದು, ಎಡಗಡೆಯದನ್ನು ದೊಡ್ಡದಾಗಿ ಸುತ್ತಿದರು.

"ಇದು ಓವರಿ, ಅಂಡಾಶಯ. ಇದ್ರಲ್ಲಿ ಗಡ್ಡೆ ಇದೆ, ಹದಿನಾಲ್ಕು ಸೆಂಟಿಮೀಟರ್. ಡರ್ಮಾಯ್ಡ್ ಅಂತಾರೆ. ಒಳಗಡೆ ಕೊಬ್ಬು, ಕೂದ್ಲು, ಕೆಲವು ಸಲ ಹಲ್ಲೂ ಇರತ್ತೆ."

ಅತ್ತಿಗೆ ಕುರ್ಚಿಯಿಂದ ಅರ್ಧ ಎದ್ದರು. "ಅಯ್ಯೋ, ಹಲ್ಲಾ! ಹಂಗಂದ್ರೆ ಮಗೂನೇ ಅಲ್ವಾ ಮೇಡಂ?"

"ಅಲ್ಲಮ್ಮ. ಮಗೂಗೂ ಇದಕ್ಕೂ ಸಂಬಂಧ ಇಲ್ಲ. ಹತ್ತು ವರ್ಷದ ಹುಡುಗೀರಿಗೂ ಬರತ್ತೆ. ಇಪ್ಪತ್ನಾಲ್ಕನೇ ತಾರೀಖು ಬೆಳಿಗ್ಗೆ ಎಂಟಕ್ಕೆ ಬಂದು ಅಡ್ಮಿಟ್ ಆಗಿ. ಈಗ್ಲೇ ಮಾಡಿದ್ರೆ ಗಡ್ಡೆ ಮಾತ್ರ ತೆಗ್ದು ಓವರಿ ಉಳಿಸ್ಬೋದು. ತಿರುಚ್ಕೊಂಡ್ರೆ ರಕ್ತ ನಿಂತು ಓವರಿನೇ ಸತ್ತೋಗತ್ತೆ. ಲೇಟ್ ಮಾಡ್ಬೇಡಿ."

ನಾನು ಏನೂ ಕೇಳಲಿಲ್ಲ. ಕೂದಲು ಎಷ್ಟುದ್ದ ಇರುತ್ತದೆ ಎಂದು ಕೇಳಬೇಕೆನ್ನಿಸಿತ್ತು. ಹೊರಗೆ ಬಂದ ಮೇಲೆ ಅತ್ತಿಗೆ, "ಹಲ್ಲಿನ ವಿಷ್ಯ ಯಾರಿಗೂ ಹೇಳ್ಬೇಡ" ಅಂದರು.

ಫೆಬ್ರವರಿ 11, ಮಂಗಳವಾರ

ಅಣ್ಣ ಸಂಜೆ ಲೇತ್ ಶಾಪಿನಿಂದ ಬಂದು ಕೈಕಾಲು ತೊಳೆಯುತ್ತಲೇ ಕೇಳಿದ ಮೊದಲ ಮಾತು, "ಗಾಯ ಎಲ್ಲಿ ಬರತ್ತಂತೆ?"

"ಹೊಟ್ಟೆ ಮೇಲೆ" ಅಂದರು ಅತ್ತಿಗೆ.

"ಎಷ್ಟುದ್ದ?"

"ಗಡ್ಡೆ ದೊಡ್ಡದಂತೆ. ಕುಯ್ದೇ ತೆಗೀಬೇಕಾಗ್ಬೋದಂತೆ."

"ನಾಳೆ ಗಂಡನ ಮನೆಯೋರು ಅದನ್ನ ನೋಡಿ ಸಿಸೇರಿಯನ್ ಅಂದ್ರೆ? ಏನ್ ಹೇಳ್ತೀಯಾ ಅವಾಗ?"

ಇದನ್ನು ಅವನು ಅತ್ತಿಗೆಯನ್ನು ಕೇಳಿದ. ನಾನು ಎರಡು ಮಾರು ದೂರದಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ನೋವಾಗುತ್ತದಾ ಎಂದು ಯಾರೂ ಕೇಳಲಿಲ್ಲ. ಕಾಳಿಗಿಂತ ಹೆಚ್ಚು ಸಿಪ್ಪೆ ಪಾತ್ರೆಗೆ ಹಾಕಿದೆ, ಬೇಕೆಂದೇ.

ಮದುವೆ ಬ್ರೋಕರ್ ಮುನಿರಾಮಯ್ಯನವರು ಕೆಂಗೇರಿಯಲ್ಲಿ ಒಂದು ಗಂಡು ನೋಡಿದ್ದಾರಂತೆ. ಭಾನುವಾರ ಬರುತ್ತಾರೆ.

ಫೆಬ್ರವರಿ 13, ಗುರುವಾರ

ಗಾರ್ಮೆಂಟ್ಸಿನಲ್ಲಿ ನನ್ನ ಕೆಲಸ ಚೆಕಿಂಗ್. ಹೊಲಿದು ಬಂದ ಶರ್ಟನ್ನು ಮೇಜಿನ ಮೇಲೆ ಹರವಿ, ತಪ್ಪಿದ್ದ ಕಡೆ ಬಾಣದ ಗುರುತಿನ ಸಣ್ಣ ಸ್ಟಿಕರ್ ಅಂಟಿಸಬೇಕು. ಇವತ್ತು ಒಂದೊಂದು ಶರ್ಟಿಗೆ ಎಂಟು, ಒಂಬತ್ತು ಅಂಟಿಸಿದೆ. ಸೂಪರ್‌ವೈಸರ್ ಶಿವಬಸಪ್ಪ ಬಂದು ಒಂದು ಶರ್ಟ್ ಎತ್ತಿ ಹಿಡಿದರು.

"ಏನಮ್ಮಾ ಇದು, ಬಾಣ ಬಿಟ್ಟು ಸಾಯಿಸಿದೀಯಲ್ಲ ಇದನ್ನ? ಮಾಲು ಕೊಳ್ಳೋ ಬಯ್ಯರ್‌ಗಿಂತ ಜೋರಾಗ್ಬಿಟ್ಯಲ್ಲ ನೀನು."

ಎಲ್ಲರೂ ನಕ್ಕರು. ನನಗೆ ಅಳು ಬಂತು. ಪಕ್ಕದ ಮೇಜಿನ ಸುಮಾ ಊಟದ ಹೊತ್ತಿನಲ್ಲಿ ಬಿಡದೆ ಕೇಳಿದಳು. ಅವಳೊಬ್ಬಳಿಗೆ ಹೇಳಿದೆ. ಅವಳು ಸ್ವಲ್ಪವೂ ಬೆಚ್ಚಲಿಲ್ಲ.

"ಅಷ್ಟೇನಾ? ನಮ್ಮಕ್ಕಂಗೂ ಆಗಿತ್ತು. ಆಪರೇಷನ್ ಮಾಡ್ಸಿ ಅಪೆಂಡಿಕ್ಸ್ ಅಂತ ಹೇಳಿದ್ವಿ."

"ಯಾಕೆ ಹಂಗೆ?"

"ಮದ್ವೆ ಆಗ್ದೇ ಇರೋರಿಗೆ ಹಂಗೇ ಹೇಳೋದು ಕಣೇ. ನಮ್ಮ ಫ್ಲೋರಲ್ಲೇ ನಾಲ್ಕು ಜನಕ್ಕೆ ಅಪೆಂಡಿಕ್ಸ್ ಆಗಿದೆ, ನೋಡ್ಕೋ. ಗಂಡಸ್ರಲ್ಲಿ ಒಬ್ಬಂಗೂ ಆಗಿಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಆ ನಾಲ್ಕು ಜನ ಯಾರು ಎಂದು ಮಧ್ಯಾಹ್ನವೆಲ್ಲ ಒಬ್ಬೊಬ್ಬರ ಮುಖ ನೋಡಿದೆ.

ಫೆಬ್ರವರಿ 16, ಭಾನುವಾರ

ಅತ್ತಿಗೆ ಲಂಗದ ಒಳಗೆ ಅಗಲವಾದ ಬಟ್ಟೆ ಸುತ್ತಿ ಬಿಗಿದರು. ಉಸಿರು ಮೇಲೆ ಸಿಕ್ಕಿಕೊಂಡಿತು. "ಒಂದ್ಗಂಟೆ ತಡ್ಕೋ, ಹೊಟ್ಟೆ ಒಳಗೆಳ್ಕೋ" ಅಂದರು. ಒಳಗಿರುವುದನ್ನು ಇನ್ನೂ ಎಲ್ಲಿ ಒಳಗೆ ಎಳೆದುಕೊಳ್ಳಲಿ?

ಗಂಡಿನ ಹೆಸರು ಮಹದೇವ್. ಕೆಂಗೇರಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ. ತಂದೆ ಇಲ್ಲ. ತಾಯಿ ಅಕ್ಕಯ್ಯಮ್ಮನವರೊಂದಿಗೆ ಬಂದಿದ್ದರು. ಎಲ್ಲರಿಗೂ ಕಾಫಿ ಕೊಟ್ಟು ನಾನು ಗೋಡೆಗೆ ಒರಗಿ ನಿಂತಾಗ ಮಹದೇವ್ ಕೇಳಿದ್ದು ಒಂದೇ ಮಾತು.

"ನಿಮಗೆ ಕಾಫಿ ಇಲ್ವಾ?"

ನಾನು ತಲೆ ಅಲ್ಲಾಡಿಸಿದೆ. ಹೌದು ಅಂತಲೋ ಇಲ್ಲ ಅಂತಲೋ ನನಗೇ ಗೊತ್ತಿಲ್ಲ.

ಅಕ್ಕಯ್ಯಮ್ಮ ಹತ್ತಿರ ಕರೆದು ಕೂರಿಸಿಕೊಂಡು ಸೆರಗು ಸರಿಮಾಡುವ ಹಾಗೆ ಮಾಡಿ ಅಂಗೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು. ಒತ್ತಿದರು. ಸಂತೆಯಲ್ಲಿ ಹಲಸಿನಹಣ್ಣು ನೋಡುವ ಹಾಗೆ. ಕೈ ತೆಗೆದು ನನ್ನ ಮುಖವನ್ನೇ ನೋಡಿದರು.

"ಹುಡುಗಿ ಸಣ್ಣಕ್ಕವ್ಳೆ. ಹೊಟ್ಟೆ ಮಾತ್ರ ಗಟ್ಟಿ ಐತಲ್ಲ?"

"ಗ್ಯಾಸು ಕಣಮ್ಮ" ಅಂದರು ಅತ್ತಿಗೆ. "ಫ್ಯಾಕ್ಟ್ರೀಲಿ ಹೊತ್ತೊತ್ತಿಗೆ ಊಟ ಇರಲ್ವಲ್ಲ."

ಇಷ್ಟು ದಿನ ಬಸುರು, ಇವತ್ತು ಗ್ಯಾಸು. ಅವರು ಹೋದ ಮೇಲೆ ಆ ಬಟ್ಟೆಯನ್ನು ಬಿಚ್ಚಿ ಬಚ್ಚಲಿಗೆ ಎಸೆದೆ. ಅತ್ತಿಗೆ ಅದನ್ನು ಒಗೆದು ಒಣಹಾಕಿದರು. ಮತ್ತೆ ಬೇಕಾಗಬಹುದಂತೆ.

ಫೆಬ್ರವರಿ 20, ಗುರುವಾರ

ಒಪ್ಪಿದ್ದಾರಂತೆ. ಯುಗಾದಿ ಕಳೆದ ಮೇಲೆ ನಿಶ್ಚಿತಾರ್ಥ. ಅಣ್ಣ ಮೈಸೂರ್‌ಪಾಕ್ ತಂದಿದ್ದ. ನನ್ನ ಕೈಗೆ ಒಂದು ತುಂಡು ಕೊಟ್ಟು ಹೇಳಿದ.

"ಆಪರೇಷನ್ ಈಗ ಬೇಡ. ಹಸೀ ಗಾಯ ಇಟ್ಕೊಂಡು ಮದ್ವೆ ಮಾತಾಡಕ್ಕಾಗಲ್ಲ. ಮದ್ವೆ ಆಗಿ ಮೂರ್ ತಿಂಗ್ಳು ಕಳೀಲಿ, ಆಮೇಲೆ ಮಾಡ್ಸೋಣ."

"ತಿರುಚಿಕೊಂಡ್ರೆ?" ಅಂದೆ.

"ಇಷ್ಟ್ ದಿನ ತಿರುಚ್ಕೊಳ್ದೇ ಇದ್ದಿದ್ದು ಈಗ ತಿರುಚ್ಕೊಳತ್ತಾ? ಅವ್ರು ಡಾಕ್ಟರ್ರು, ಹೆದರಿಸ್ತಾರೆ. ಆವಾಗ್ಲೂ ಯಾರಾದ್ರೂ ಕೇಳಿದ್ರೆ ಅಪೆಂಡಿಕ್ಸ್ ಅಂತ ಹೇಳು."

ಅಮ್ಮ ಹೋದಾಗ ನಾನು ಐದನೇ ಕ್ಲಾಸು. ಅವತ್ತಿನಿಂದ ಅಣ್ಣನೇ ನನ್ನನ್ನು ಸಾಕಿದ್ದು. ಆ ಮಾತನ್ನು ಅವನು ಎಂದೂ ಆಡಿಲ್ಲ. ಆಡಿದ್ದರೆ ಜಗಳವಾಡಬಹುದಿತ್ತು. ಮೈಸೂರ್‌ಪಾಕ್ ತಿಂದೆ. ತಿಂದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಫೆಬ್ರವರಿ 24, ಸೋಮವಾರ

ಬೆಳಿಗ್ಗೆ ಎಂಟು ಗಂಟೆಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಬೇಕಿತ್ತು. ಎಂಟು ಗಂಟೆಗೆ ನಾನು ಕಾಲರ್ ನೋಡುತ್ತಿದ್ದೆ.

ಮಾರ್ಚ್ 5, ಬುಧವಾರ

ಎಡಗಡೆ ಚುಚ್ಚಿ ಚುಚ್ಚಿ ಬಿಡುತ್ತಿದೆ. ಫ್ಯಾಕ್ಟರಿಯ ನರ್ಸ್ ಒಂದು ಬಿಳಿ ಮಾತ್ರೆ ಕೊಟ್ಟರು. ತಲೆನೋವಿಗೂ ಅದೇ ಮಾತ್ರೆ, ಬೆರಳಿಗೆ ಸೂಜಿ ಹೊಕ್ಕರೂ ಅದೇ ಮಾತ್ರೆ.

ಮಾರ್ಚ್ 11, ಮಂಗಳವಾರ

ಇವತ್ತು ಎದ್ದು ಕೂರಬಹುದು ಅಂದರು. ಬರೆಯುತ್ತಿದ್ದೇನೆ.

ಶುಕ್ರವಾರ ಹನ್ನೊಂದು ಗಂಟೆಗೆ ಮೇಜಿನ ಮುಂದೆ ನಿಂತಿದ್ದಾಗ, ಒದ್ದೆ ಬಟ್ಟೆ ಹಿಂಡುವ ಹಾಗೆ ಹೊಟ್ಟೆಯೊಳಗೆ ಯಾರೋ ಹಿಂಡಿದರು. ಬಿಡಲೇ ಇಲ್ಲ. ಶರ್ಟಿನ ರಾಶಿಯ ಮೇಲೆ ವಾಂತಿಯಾಯಿತು. ಶಿವಬಸಪ್ಪ ಓಡಿಬಂದು ಕೂಗಿದ್ದು, "ಪೀಸ್ ತೆಗೀರಮ್ಮಾ, ಪೀಸ್ ತೆಗೀರಿ!"

"ಪೀಸ್ ಆಮೇಲೆ ತೊಳ್ಕೊಳ್ಳಿ ಸಾರ್, ಮೊದ್ಲು ಆಟೋ ತರ್ಸಿ!" ಎಂದು ಸುಮಾ ಅವರ ಮೇಲೇ ಎಗರಿದಳು. ತರಿಸಿದರು.

ಆಸ್ಪತ್ರೆಯಲ್ಲಿ ನರ್ಸ್ ಕಾಗದ ಹಿಡಿದು ಸುತ್ತ ನೋಡಿದರು. "ಗಂಡಸ್ರು ಯಾರೂ ಬಂದಿಲ್ವಾ? ಸೈನ್ ಬೇಕು." ಅಣ್ಣ ದಾರಿಯಲ್ಲಿದ್ದ. ಮೊದಲು ನೋಡಿದ್ದ ಡಾಕ್ಟರಮ್ಮನೇ ಬಂದರು. "ಇಪ್ಪತ್ಮೂರು ವರ್ಷ ಇವಳಿಗೆ. ಹೊಟ್ಟೆ ಇವಳದು. ಇವಳೇ ಹಾಕ್ಲಿ" ಅಂದರು.

ಕಾಗದ ಇಂಗ್ಲಿಷಿನಲ್ಲಿತ್ತು. ಏನು ಬರೆದಿದೆ ಹೇಳಿ ಅಂದೆ. ನರ್ಸ್ ಟೈಮಿಲ್ಲ ಅಂದರು. ಹೇಳಿ ಅಂದೆ. ಡಾಕ್ಟರಮ್ಮ ಕನ್ನಡದಲ್ಲಿ ಹೇಳಿದರು. "ಗಡ್ಡೆ ತೆಗೀತೀವಿ. ಓವರಿ ಉಳಿಯೋ ಹಾಗಿದ್ರೆ ಉಳಿಸ್ತೀವಿ. ಸತ್ತೋಗಿದ್ರೆ ಅದನ್ನೂ ತೆಗೀತೀವಿ." ಸಹಿ ಹಾಕಿದೆ. ಅಕ್ಷರ ಸೊಟ್ಟಗಾದವು.

ಉಳಿಯಲಿಲ್ಲ. ಮೂರು ಸುತ್ತು ತಿರುಚಿಕೊಂಡು ಕಪ್ಪಾಗಿತ್ತಂತೆ. ಹೊಕ್ಕಳ ಕೆಳಗಿನಿಂದ ನೇರವಾಗಿ ಕುಯ್ದು ಹೊಲಿದಿದ್ದಾರೆ. ಬಲಗಡೆಯದು ಚೆನ್ನಾಗಿದೆ, ಮುಟ್ಟೂ ಆಗುತ್ತದೆ, ಮಕ್ಕಳೂ ಆಗುತ್ತವೆ, ಒಂದು ಸಾಕು ಅಂದರು. ಒಂದು ಸಾಕು ಅನ್ನುವುದಾದರೆ ದೇವರು ಎರಡು ಯಾಕೆ ಕೊಟ್ಟ?

ನಿನ್ನೆ ರೌಂಡ್ಸಿಗೆ ಬಂದಾಗ ಡಾಕ್ಟರಮ್ಮ ಅಣ್ಣನನ್ನು ಕೇಳಿದರು.

"ಯಾಕ್ರೀ ಇಪ್ಪತ್ನಾಲ್ಕಕ್ಕೆ ಬರ್ಲಿಲ್ಲ? ಬಂದಿದ್ರೆ ಉಳೀತಿತ್ತು."

"ಇವಳಿಗೆ ರಜೆ ಸಿಗ್ಲಿಲ್ಲ ಮೇಡಂ."

"ರಜೆ ನಾನು ಕೇಳೇ ಇರ್ಲಿಲ್ಲ" ಅಂದೆ.

ಅಣ್ಣ ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಭುಜ ಅಲುಗುತ್ತಿತ್ತು. ನನಗೆ ಪಾಪ ಅನ್ನಿಸಲಿಲ್ಲ. ಅನ್ನಿಸಬೇಕಿತ್ತೇನೋ.

ಮಾರ್ಚ್ 12, ಬುಧವಾರ

ಅಕ್ಕಯ್ಯಮ್ಮ ನೋಡಲು ಬಂದಿದ್ದರು, ಮೋಸಂಬಿ ಹಿಡಿದುಕೊಂಡು. ಬರುವ ಮೊದಲು ವಾರ್ಡ್ ಯಾವುದೆಂದು ನನ್ನ ಫೋನಿಗೇ ಮಾಡಿ ಕೇಳಿದ್ದರು. ಅಣ್ಣ ಆಗಲೇ ಮುನಿರಾಮಯ್ಯನವರ ಮೂಲಕ ಅಪೆಂಡಿಕ್ಸ್ ಎಂದು ಹೇಳಿಸಿದ್ದ. ಅತ್ತಿಗೆ ಬಂದವರಿಗೆ ಕಾಫಿ ತರಲು ಕೆಳಗೆ ಹೋದರು.

ಅಕ್ಕಯ್ಯಮ್ಮ ಸ್ಟೂಲ್ ಎಳೆದುಕೊಂಡರು. ಅವರ ಕಣ್ಣು ನೈಟಿಯ ಮೇಲಿನಿಂದ ಎದ್ದು ಕಾಣುತ್ತಿದ್ದ ಬ್ಯಾಂಡೇಜಿನ ಮೇಲಿತ್ತು.

"ನನ್ನ ಮಗಂಗೂ ಅಪೆಂಡಿಕ್ಸ್ ಆಗಿತ್ತು. ಬಲಗಡೆ, ಇಷ್ಟೇ ಇಷ್ಟು ಗಾಯ. ನಿಂದು ನಡುಮಧ್ಯೆ ಐತಲ್ಲವ್ವ?"

ಬಟ್ಟೆ ಬಿಗಿದು ಗೋಡೆಗೆ ಒರಗಿ ನಿಂತದ್ದು ಸಾಕಾಗಿತ್ತು. "ಅಪೆಂಡಿಕ್ಸ್ ಅಲ್ಲ. ಎಡಗಡೆ ಓವರೀಲಿ ಗಡ್ಡೆ ಇತ್ತು. ನೀವು ಅವತ್ತು ಒತ್ತಿ ನೋಡಿದ್ದು ಅದೇ. ಓವರಿ ಸಮೇತ ತೆಗೆದ್ರು. ಇನ್ನೊಂದಿದೆ" ಅಂದೆ.

ಅವರು ಬಹಳ ಹೊತ್ತು ಮೋಸಂಬಿ ಸುಲಿದರು. ಒಂದೊಂದೇ ತೊಳೆಯ ಮೇಲಿನ ಬಿಳಿ ನಾರನ್ನೂ ತೆಗೆದರು.

"ನಂಗೆ ಮೂವತ್ತೊಂದಕ್ಕೇ ಗರ್ಭಕೋಶ ತೆಗೆದ್ಬುಟ್ರು. ಬಿಳುಪು ಹೋಯ್ತಿತ್ತು, ಅಷ್ಟೇಯ. ತೆಗೀದಿದ್ರೆ ಕ್ಯಾನ್ಸರ್ ಆಯ್ತದೆ ಅಂತ ಹೆದರಿಸಿದ್ರು. ನಮ್ಮತ್ತೆ ಊರಿಗೆಲ್ಲ ಹರ್ನಿಯಾ ಅಂತ ಹೇಳಿದ್ಲು. ನನ್ನ ಮಗ ಅವಾಗ ಎರಡು ವರ್ಷದ ಕೂಸು. ಇವತ್ತಿಗೂ ಹರ್ನಿಯಾ ಅಂತ್ಲೇ ಅವಂಗೆ ಗೊತ್ತಿರಾದು."

"ಬೇಕಾಗೇ ಇರ್ಲಿಲ್ವಾ ಅದು?"

"ಹತ್ತು ವರ್ಷ ಕಳೆದ್ಮೇಲೆ ಇನ್ನೊಬ್ಬ ಡಾಕ್ಟ್ರು ಹೇಳ್ದ, ಮಾತ್ರೇಲೇ ವಾಸಿ ಆಗ್ತಿತ್ತಂತೆ." ಅವರು ತೊಳೆಯನ್ನು ನನ್ನ ಬಾಯಿಗಿಟ್ಟರು. "ತಿನ್ನು. ಅಳಬ್ಯಾಡ, ಹೊಲಿಗೆ ನೋಯ್ತದೆ."

ನಾನು ಅಳುತ್ತಿರಲಿಲ್ಲ. ಅಳುತ್ತಿದ್ದವರು ಅವರು.

ಮಾರ್ಚ್ 20, ಗುರುವಾರ

ಹೊಲಿಗೆ ಬಿಚ್ಚಿದರು. ಮನೆಯಲ್ಲಿದ್ದೇನೆ. ಸಂಜೆ ಮುನಿರಾಮಯ್ಯನವರು ಬಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಅಣ್ಣನಿಗೆ ಹೇಳಿದರು.

"ಕೆಂಗೇರಿಯೋರು ಬೇಡ ಅಂದ್ಬಿಟ್ರು ನಾಗೇಂದ್ರಪ್ಪ. ಜಾತಕ ಕೂಡ್ಲಿಲ್ವಂತೆ."

ಅಣ್ಣ ತಲೆ ಮೇಲೆ ಕೈಹೊತ್ತು ಕೂತ. ಅತ್ತಿಗೆ ನನ್ನನ್ನು ನೋಡಿದರು. "ನೀನೇನಾದ್ರೂ ಬಾಯಿ ಬಿಟ್ಟಾ ಆ ಯಮ್ಮನ ಹತ್ರ?"

"ಬಿಟ್ಟೆ."

"ಅಯ್ಯೋ ನಿನ್ನ! ಇಷ್ಟು ದಿನ ಬಾಯಿದ್ದಿದ್ದೇ ಗೊತ್ತಿರ್ಲಿಲ್ಲ. ಈಗ ಬಿಡ್ಬೇಕಾಗಿತ್ತಾ?"

"ಬೇರೆ ಕಡೆ ನೋಡೋಣ ಬಿಡಿ" ಅಂದರು ಮುನಿರಾಮಯ್ಯ. "ಆದ್ರೆ ಎಲ್ರೂ ಒಂದೇ ಮಾತು ಹೇಳ್ಬೇಕು. ಅಪೆಂಡಿಕ್ಸ್ ಅಂದ್ರೆ ಅಪೆಂಡಿಕ್ಸ್."

ನನಗೆ ಸಂಬಂಧ ತಪ್ಪಿದ್ದಕ್ಕೆ ಸಿಟ್ಟು ಬರಲಿಲ್ಲ. ಆ ಹೆಂಗಸು ನನ್ನ ಬಾಯಿಗೆ ಹಣ್ಣಿಟ್ಟು, ತನ್ನ ಹೊಟ್ಟೆಯ ಕಥೆ ಹೇಳಿ, ಮನೆಗೆ ಹೋಗಿ ಜಾತಕ ಅಂದದ್ದಕ್ಕೆ ಬಂತು. ನಮ್ಮ ಮನೆಯಲ್ಲಿ ನನ್ನ ಜಾತಕವೇ ಇಲ್ಲ. ಬರೆಸಿಯೇ ಇಲ್ಲ. ಇಲ್ಲದ ಜಾತಕ ಯಾವುದರ ಜೊತೆ ಕೂಡಲಿಲ್ಲ?

ಮಾರ್ಚ್ 23, ಭಾನುವಾರ

ಮೂರು ದಿನ ಕಾದೆ, ಸಿಟ್ಟು ಇಳಿಯುತ್ತದೆಯೇನೋ ಎಂದು. ಇಳಿಯಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಅಕ್ಕಯ್ಯಮ್ಮನವರ ನಂಬರಿಗೆ ಮಾಡಿದೆ.

"ಯಾರು?"

"ನಾನು ರಮ್ಯ, ಬಸವೇಶ್ವರನಗರದಿಂದ."

"...ಹೇಳವ್ವ. ಗಾಯ ಮಾಗ್ತಾ?"

"ಮಾಗಿದೆ. ನನಗೆ ಜಾತಕ ಇಲ್ಲ ಅಕ್ಕಯ್ಯಮ್ಮನೋರೆ. ನಿಮಗೆ ಯಾರು ಕೊಟ್ರು?"

ಆ ಕಡೆ ಕುಕ್ಕರ್ ಕೂಗಿತು. ಅವರು ಅದನ್ನು ಆರಿಸಿ ಬಂದರು. ಫೋನ್ ಇಟ್ಟುಬಿಡುತ್ತಾರೆ ಅಂದುಕೊಂಡೆ. ಇಡಲಿಲ್ಲ.

"ಮಗ ಕೇಳ್ದ ಕಣವ್ವ. ಹುಡುಗಿಗೆ ಏನಾಗೈತೆ, ನಾನೂ ಹೋಗಿ ನೋಡ್ಕಂಡ್ ಬರ್ಲಾ ಅಂತ. ಹೇಳಾಣ ಅಂತ ಬಾಯಿ ತೆಗೆದೆ. ನಿಂದು ಹೇಳಿದ್ರೆ ಅವನು, ಇವೆಲ್ಲ ನಿಂಗೆಂಗಮ್ಮ ಗೊತ್ತು ಅಂತಾನೆ. ಅವಾಗ ನಂದೂ ಹೇಳ್ಬೇಕಾಯ್ತದೆ. ಗಂಡುಮಗನ ಮುಂದೆ ಹೆಂಗೆ ಹೇಳ್ಲಿ? ಸಂಬಂಧನೇ ಬ್ಯಾಡ ಅಂದ್ಬುಟ್ರೆ ಯಾವ್ದೂ ಹೇಳಂಗಿಲ್ಲ ಅನ್ನಿಸ್ತು."

ಇಂಥ ಕಾರಣವನ್ನು ನಾನು ಯೋಚಿಸಿರಲಿಲ್ಲ. ಬೈಯಬೇಕೆಂದು ಮೂರು ದಿನದಿಂದ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ಸಿಟ್ಟು ಮಾತ್ರ ಹಾಗೇ ಇತ್ತು.

"ನಿಮ್ದು ನೀವು ಹೇಳ್ಬೇಡಿ. ನಂದು ನಾನು ಹೇಳ್ತೀನಿ. ಫೋನ್ ಅವರಿಗೆ ಕೊಡಿ."

"ಮದ್ವೆಗಾ?"

"ಮದ್ವೆ ಆಗೋದು ಬಿಡೋದು ಆಮೇಲೆ. ನನ್ನ ಹೊಟ್ಟೇಲಿ ಏನಿತ್ತು ಅಂತ ಅವರಿಗೆ ಗೊತ್ತಾಗ್ಲಿ. ಕಾಯಿಲೆ ಆಗಿದ್ದು ನನಗೆ. ಎಲ್ರೂ ಅದಕ್ಕೆ ಒಂದೊಂದು ಹೆಸರಿಟ್ರು, ನನ್ನೊಬ್ಬಳನ್ನ ಬಿಟ್ಟು."

ಅಣ್ಣ ರೂಮಿನಿಂದ ಎದ್ದು ಬಂದ. "ಯಾರ ಜೊತೆ? ಮೆಲ್ಲಗೆ ಮಾತಾಡು, ಕೆಳಗಡೆ ಓನರ್ ಮನೇಗೆಲ್ಲ ಕೇಳಿಸ್ತಿದೆ" ಅಂದ. ನಾನು ಮಾಮೂಲಿನ ಹಾಗೆಯೇ ಮಾತಾಡುತ್ತಿದ್ದೆ. ಅವನಿಗೆ ಕೈಸನ್ನೆ ಮಾಡಿ ಕೂರು ಅಂದೆ. ಕೂತ.

ಆ ಕಡೆ "ಮಾದೇವಾ" ಎಂದು ಅಕ್ಕಯ್ಯಮ್ಮ ಕರೆದದ್ದು ಕೇಳಿಸಿತು. ಮೊದಲ ಸಲ ಮೆಲ್ಲಗೆ, ಎರಡನೇ ಸಲ ಜೋರಾಗಿ.

ಮಹದೇವ್ ಹಲೋ ಅಂದರು. ನಾನು ನನ್ನ ಹೆಸರು ಹೇಳಿ, ಸ್ಕ್ಯಾನ್ ಮಾಡಿಸಿದ ದಿನದಿಂದ ಶುರುಮಾಡಿದೆ. ಓವರಿ ಅಂದೆ, ಗಡ್ಡೆ ಅಂದೆ, ಇಪ್ಪತ್ತನಾಲ್ಕನೇ ತಾರೀಖು ಅಂದೆ. ಅಣ್ಣ ನನ್ನ ಎದುರಿಗೇ ಕೂತಿದ್ದ, ಅವನು ಕೇಳಿಸಿಕೊಳ್ಳಲಿ ಎಂದು ಅದನ್ನು ಎರಡು ಸಲ ಹೇಳಿದೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ಹೂಂ, ಹೂಂ ಅನ್ನುತ್ತಿದ್ದರು. ಗಾಯ ಎಲ್ಲಿದೆ, ಎಷ್ಟುದ್ದ ಇದೆ ಎಂದೂ ನಾನೇ ಹೇಳಿದೆ.

ಆಗ ಅವರು "ಒಂದ್ನಿಮಿಷ" ಅಂದರು. ಫೋನನ್ನು ಮೇಜಿನ ಮೇಲೋ ಎಲ್ಲೋ ಇಟ್ಟ ಸದ್ದಾಯಿತು. ಅವರ ಧ್ವನಿ ದೂರದಿಂದ ಬಂತು.

"ಯಾಕಮ್ಮಾ ಅಳ್ತಿದೀಯಾ? ಏನಾಯ್ತು?"

ಆಮೇಲೆ ಅಕ್ಕಯ್ಯಮ್ಮನವರ ಧ್ವನಿ. "ಕೂತ್ಕೋ ಮಾದೇವ. ನೀನು ಎರಡು ವರ್ಷದ ಕೂಸಾಗಿದ್ದಾಗ..."

ಅದು ನಾನು ಕೇಳಿಸಿಕೊಳ್ಳುವ ಮಾತಲ್ಲ. ಫೋನ್ ಇಟ್ಟೆ.